ಉಂಗುರ ಕಟ್ಟುತ್ತಿದ್ದ ಮೇಷ್ಟ್ರು

ಈ ವರ್ಷ ಮಧುಗಿರಿಯ ಕೆರೆ ಕೋಡಿ ಬಿತ್ತು. ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿಯಿತೆಂದರೆ ನಮ್ಮ ಸೀಮೆಯ ಜನ ಮಕ್ಕಳುಮರಿ ಕರೆದುಕೊಂಡು ನೋಡಲು ಹೋಗುತ್ತಾರೆ. ನಾನೂ ಹೋಗಿದ್ದೆ. ಆ ನೀರಿನ ಸದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಶಾಲೆಯಲ್ಲಿ ಹುಡುಗಿಯರು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರೆ ಆ ದನಿಯ ಅಡಿಯಿಂದ ಕೋಡಿ ಮೊರೆಯುತ್ತದೆ. ಸಾಕು ನಿಲ್ಲಿಸಿ ಎಂದು ಗದರಿ, ಅವರು ಬೆಪ್ಪಾಗಿ ನನ್ನ ಮುಖ ನೋಡಿದ ಮೇಲೆ ಎಚ್ಚರವಾಗುತ್ತದೆ.

ಆ ಮೇಷ್ಟ್ರ ಬಗ್ಗೆ ಬರೆಯಲು ಕೂತಾಗಲೆಲ್ಲ ನನ್ನ ಲೇಖನಿ ಆ ಬೆಳಗಿಗೇ ಓಡುತ್ತದೆ. ಅದು ಸರಿಯಲ್ಲ. ಒಬ್ಬ ಮನುಷ್ಯ ಐವತ್ತು ದಾಟುವವರೆಗೆ ಬದುಕಿದ್ದು ಒಂದು ಬೆಳಗ್ಗೆ ಸಾಯುವುದಕ್ಕಲ್ಲ. ಆದ್ದರಿಂದ ಹಠ ಹಿಡಿದು ಜಗಲಿಯಿಂದ ಶುರುಮಾಡುತ್ತೇನೆ.

ಹೆಣ್ಣುಮಕ್ಕಳ ಶಾಲೆಗೆ ನೇಮಕವಾಗಿ ನಾನು ಮಧುಗಿರಿಗೆ ಬಂದಾಗ ಯುದ್ಧ ನಡೆಯುತ್ತಿತ್ತು. ಮೈಸೂರಿನಲ್ಲಿ ಕಾಲೇಜು ಓದಿದ ಒಂಟಿ ಹೆಂಗಸಿಗೆ ಮನೆ ಕೊಡಲು ಊರು ಹಿಂದೆಮುಂದೆ ನೋಡಿತು. ಕೊನೆಗೆ ಮನೆಯ ಒಂದು ಭಾಗ ಬಿಟ್ಟುಕೊಟ್ಟವರು ಅವರು. ಗಂಡುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಶೈವ ಮನೆತನ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಕರಡಿಗೆಯಲ್ಲಿ ಲಿಂಗ, ಕೈಯಲ್ಲಿ ಮೀನು ಹಿಡಿಯುವ ಕೋಲು. ಈ ಮೂರನ್ನೂ ಒಟ್ಟಿಗೆ ಕಂಡ ಮೊದಲ ದಿನ ನಾನು ಕಣ್ಣುಜ್ಜಿಕೊಂಡೆ.

ಊರು ಅವರನ್ನು ಗಾಳದ ಮೇಷ್ಟ್ರು ಎನ್ನುತ್ತಿತ್ತು. ಅವರು ಮೀನು ತಿನ್ನುತ್ತಿರಲಿಲ್ಲ, ಹಿಡಿಯುತ್ತಲೂ ಇರಲಿಲ್ಲ. ಹಿಡಿಯುವವರಿಗೆ ಕೋಲು ಮಾಡಿಕೊಡುತ್ತಿದ್ದರು. ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಕಸುಬು ಕಲಿಯುವಾಗ ಯಾರೋ ಇಂಗ್ಲಿಷ್ ದೊರೆ ಮುರಿದ ಗಾಳದ ಕೋಲೊಂದನ್ನು ರಿಪೇರಿಗೆ ಕೊಟ್ಟನಂತೆ. ಅದನ್ನು ಬಾಗಿಸಿ ನೋಡಿದ ಗಳಿಗೆಯಲ್ಲಿ ಹತ್ತಿದ ಹುಚ್ಚು. ಮಠದ ಕಡೆಯ ಹಿರಿಯರು ಒಮ್ಮೆ ಜಗಲಿಗೇ ಬಂದು, ಕೊಲ್ಲುವ ಸಾಧನ ಮಾಡಿ ಎಂಥ ಪುಣ್ಯ ಕಟ್ಟಿಕೊಳ್ಳುತ್ತೀಯ ಎಂದು ಕೇಳಿದರು. ಇವರು ಅವರಿಗೆ ಕೂರಲು ಮಣೆ ಹಾಕಿ, ಕಡ್ಲೆಕಾಯಿ ತರಿಸಿ, ಆಮೇಲೆ ಮೆಲ್ಲಗೆ, ಕೊಕ್ಕೆ ನಾನು ಮಾಡೋದಿಲ್ಲ ಸ್ವಾಮಿ, ಉಂಗುರ ಮಾತ್ರ ನಂದು, ಎಂದರು. ಹಿರಿಯರು ಕಡ್ಲೆಕಾಯಿ ಮುಗಿಸಿ ಎದ್ದು ಹೋದರು.

ಅವರ ಹೆಂಡತಿ ಸಿದ್ದಮ್ಮನವರು ಮಾತ್ರ ಕೋಲುಗಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅವು ಜಗಲಿಯ ಸೂರಿನಡಿಯಲ್ಲೇ ಇರಬೇಕು. ಕೆಲಸ ಮುಗಿಸಿದ ಗಂಡ ಹಿತ್ತಲಿನಿಂದ ಬಂದು ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಆ ಕೋಲುಗಳತ್ತ ಆಕೆ ಮುಖ ಕೊಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಮಳೆ ಹನಿ ಬಿದ್ದಿತೆಂದರೆ ಹಳೇ ಕಂಬಳಿ ತಂದು ಅವುಗಳ ಮೇಲೆ ಹೊದಿಸುತ್ತಿದ್ದವರು ಆಕೆಯೇ, ಆಗಲೂ ಮುಖ ತಿರುಗಿಸಿಕೊಂಡು.

ಕೋಲು ಮಾಡುವುದೆಂದರೆ ಬಿದಿರು ಕೆತ್ತುವುದು ಎಂದುಕೊಂಡಿದ್ದೆ. ಅವರ ಮಟ್ಟಿಗೆ ಬಿದಿರು ಅರ್ಧ ಕೆಲಸವೂ ಅಲ್ಲ. ದಾರ ಹಾದುಹೋಗಲು ಕೋಲಿನುದ್ದಕ್ಕೂ ಪುಟ್ಟ ಉಂಗುರಗಳನ್ನು ಕಟ್ಟುತ್ತಾರಲ್ಲ, ಯಾವ ಉಂಗುರ, ಎಷ್ಟು, ಎಲ್ಲಿ ಎಂಬುದರಲ್ಲೇ ಅವರ ವಾರಗಳು ಕಳೆಯುತ್ತಿದ್ದವು. ಮೊದಲು ಬಿದಿರಿನ ತುದಿಯನ್ನು ನೆಲಕ್ಕೆ ಊರಿ, ಬಾಗಿಸಿ, ಅಂಗೈಯಲ್ಲಿ ಹೊರಳಿಸುತ್ತಿದ್ದರು. ಹೊರಳುತ್ತ ಹೊರಳುತ್ತ ಒಂದು ಕಡೆ ಅದು ತಾನಾಗಿ ಜಿಗಿದು ನಿಲ್ಲುತ್ತಿತ್ತು. ಅದೇ ಅದರ ಬೆನ್ನು. ಅಲ್ಲಿ ಸುಣ್ಣದ ಗೆರೆ ಎಳೆದು, ಬಾಳೆಯ ನಾರಿನಿಂದ ಉಂಗುರಗಳನ್ನು ತಾತ್ಕಾಲಿಕವಾಗಿ ಕಟ್ಟಿ, ದಾರ ತೂರಿಸಿ, ದಾರದ ತುದಿಗೆ ರಾಗಿಯ ಚೀಲ ತೂಗುಹಾಕುತ್ತಿದ್ದರು. ಕೋಲು ಬಾಗಿದಾಗ ದಾರ ಎಲ್ಲಿಯೂ ಬಿದಿರನ್ನು ಸವರಬಾರದು. ಸವರಿದರೆ ಉಂಗುರ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ತುದಿಯ ಕಡೆ ಹೆಚ್ಚು ಬಾಗುವುದರಿಂದ ಅಲ್ಲಿ ಒತ್ತೊತ್ತಾಗಿ, ಬುಡದ ಕಡೆ ದೂರದೂರ. ಕಟ್ಟುವುದಕ್ಕೆ ರೇಷ್ಮೆ ನೂಲು, ನನ್ನ ಕಸೂತಿ ಕ್ಲಾಸಿನ ಡಬ್ಬಿಯಿಂದ ಹೋಗುತ್ತಿತ್ತು. ಬಣ್ಣ ಯಾವುದಾದರೂ ಆಗುತ್ತಿರಲಿಲ್ಲ, ನೇರಳೆಯೇ ಬೇಕು.

ಇನ್ನೊಂದೆರಡು ಹೆಚ್ಚಿಗೆ ಕಟ್ಟಿಬಿಟ್ಟರೆ ತೊಂದರೆಯೇ ಇಲ್ಲವಲ್ಲ ಎಂದು ನಾನೊಮ್ಮೆ ಕೇಳಿದೆ. ಅವರು ಹಲ್ಲಿನಲ್ಲಿ ಕಚ್ಚಿದ್ದ ನೂಲನ್ನು ಬಿಡದೆಯೇ ಹೇಳಿದರು: “ಉಂಗುರ ಹೆಚ್ಚಾದ್ರೆ ಕೋಲು ಸಾಯ್ತದೆ ತಾಯಿ. ಕಮ್ಮಿಯಾದ್ರೆ ದಾರ ಸಾಯ್ತದೆ. ಎರಡೂ ಬದುಕೋ ಜಾಗ ಒಂದೇ ಇರೋದು.”

ಯುದ್ಧದಿಂದಾಗಿ ವಿಲಾಯಿತಿ ಉಂಗುರಗಳು ಬರುವುದು ನಿಂತಿತ್ತು. ಛತ್ರಿಯ ಕಡ್ಡಿ, ಹಿತ್ತಾಳೆ ತಂತಿ, ಸಿಕ್ಕಿದ್ದರಲ್ಲಿ ಅವರೇ ಬಗ್ಗಿಸುತ್ತಿದ್ದರು. ಅಳತೆ ಮಾತ್ರ ಗಿರಾಕಿಯ ದಾರ ನೋಡದೆ ಹೇಳುತ್ತಿರಲಿಲ್ಲ. ಪಾವಗಡದ ಕಡೆಯಿಂದ ಬಂದ ರೆಡ್ಡಿಯೊಬ್ಬರು ಮುಂಡಾಸಿನೊಳಗಿಂದ ಹತ್ತಿಯ ಹುರಿಯ ಉಂಡೆ ತೆಗೆದು, “ಇದೇ ನಾ ದಾರಂ, ಚೂಡಂಡಿ ಮೇಷ್ಟ್ರೂ” ಎಂದು ತೆಲುಗಿನಲ್ಲಿ ತಮ್ಮ ದಾರ ನೋಡಲು ಹೇಳಿ ಮುಂದಿಟ್ಟರು. ಕಡಿದು ಕಡಿದು ಗಂಟು ಹಾಕಿದ ಹುರಿ. ಇವರು ಗಂಟುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸವರಿ, ಅತಿ ದಪ್ಪನೆಯ ಗಂಟು ಸಲೀಸಾಗಿ ನುಗ್ಗುವಷ್ಟು ದೊಡ್ಡ ಉಂಗುರಗಳನ್ನು ಕಟ್ಟಿದರು. ನೋಡಿದವರು ನಕ್ಕರು, ಕೋಲಿಗೆ ಬಳೆ ತೊಡಿಸಿದ್ದಾರೆ ಎಂದು. ಬಡವರ ದಾರದಲ್ಲಿ ಗಂಟು ಇದ್ದೇ ಇರುತ್ತೆ, ಅದು ದಾಟದಿದ್ದರೆ ಆ ಕೋಲು ಅವರದಾಗಲ್ಲ ಎಂದರು ಇವರು.

ಶಿರಾದ ಅತ್ತರು ವ್ಯಾಪಾರಿ ಸಾಹೇಬರ ಬೇಡಿಕೆ ಇದಕ್ಕೆ ತದ್ವಿರುದ್ಧ. ಅವರದು ನಯವಾದ ರೇಷ್ಮೆ ದಾರ, ಎಲ್ಲಿಯೂ ಗಂಟಿಲ್ಲ. ತುದಿಯ ಉಂಗುರಕ್ಕೆಂದು ತಮ್ಮ ಹಳೆಯ ಬೆರಳುಂಗುರದ ಅಕೀಕು ಎಂಬ ನುಣುಪು ಕಲ್ಲನ್ನೇ ಕಿತ್ತುಕೊಟ್ಟರು. ಜಲ್ದಿ ಏನಿಲ್ಲ ಮಾಸ್ಟರ್ ಸಾಬ್, ಮಜಬೂತ್ ಇರಲಿ ಎಂದು ಹೇಳಿಹೋದರು. ಆ ಕಲ್ಲಿನಲ್ಲಿ ರೇಷ್ಮೆ ಮಾತ್ರ ನುಸುಳುವಂಥ ಸಣ್ಣ ತೂತು ಕೊರೆಯಲು ಮೇಷ್ಟ್ರಿಗೆ ಬೇಸಿಗೆ ಪೂರ್ತಿ ಹಿಡಿಯಿತು. ಅವರು ಮಾಡಿದ ಕೋಲುಗಳಲ್ಲೆಲ್ಲ ಅತಿ ಚೆಲುವಾದದ್ದು ಅದು. ಎಲ್ಲ ಉಂಗುರಗಳೂ ಚಿಕ್ಕವು, ಹಗುರ. ಗಾಳಿಯಲ್ಲಿ ಬೀಸಿದರೆ ಶಿಳ್ಳೆಯಂಥ ದನಿ.

ಸಂಜೆ ಶಾಲೆ ಬಿಟ್ಟ ಮೇಲೆ ಹೊಸ ಕೋಲನ್ನು ಕೆರೆಗೆ ಒಯ್ದು ಪರೀಕ್ಷೆ ಮಾಡುವುದು ಪದ್ಧತಿ. ಕೊಕ್ಕೆ ಇಲ್ಲ, ದಾರದ ತುದಿಗೆ ಸೀಸದ ಗುಂಡು ಮಾತ್ರ. ದೂರದಲ್ಲಿ ತೇಲುವ ತಾವರೆ ಎಲೆಯ ಮೇಲೆ ಗುಂಡು ಬೀಳಬೇಕು. ಬಿದ್ದರೆ ಎಲೆ ಮುಳುಗಿ ಮೇಲೇಳುತ್ತಿತ್ತು, ಅವರು ಮೂಗಿನಲ್ಲಿ ಸಣ್ಣಗೆ ಹೂಂ ಎನ್ನುತ್ತಿದ್ದರು. ಅಷ್ಟೇ ಸಂತೋಷ.

ಅಲ್ಲಿ ಅವರಿಗೆ ಜೊತೆ ನೀರಗಂಟಿ ಕದರಯ್ಯ. ಕೆರೆಯ ತೂಬು ತೆಗೆಯುವುದು, ಗದ್ದೆಗಳಿಗೆ ನೀರು ಹಂಚುವುದು, ಕೋಡಿ ಕಾಯುವುದು ಅವನ ಮನೆತನದ ಕೆಲಸ. ಮೇಷ್ಟ್ರ ವಯಸ್ಸಿನವನೇ. ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿ ಅವರನ್ನು ರೇಗಿಸುವುದು ಅವನ ಸಂಜೆಯ ಕಸುಬು. “ಕೊಕ್ಕೆ ಇಲ್ದಿದ್ ಗಾಳ, ಮೂಗಿಲ್ದೋಳ ನತ್ತು. ಎರಡೂ ಒಂದೇಯ ಕಣ್ ಬುಡಿ ಮೇಷ್ಟ್ರೇ,” ಎನ್ನುತ್ತಿದ್ದ.

“ನಿನ್ ಬಾಯಿಗೊಂದು ಉಂಗುರ ಕಟ್ಟಬೇಕಲೇ,” ಎನ್ನುವರು ಇವರು.

“ಕಟ್ಟಿ ಮತ್ತೆ. ನಮ್ಮೋಳು ನಿಮ್ಗೆ ಕೈ ಮುಗೀತಾಳೆ.”

ಹೀಗೆ ಇಬ್ಬರೂ ಕತ್ತಲಾಗುವ ಮುಂಚೆ ಎದ್ದು, ಒಬ್ಬರ ಹಿಂದೊಬ್ಬರು ಏರಿ ಇಳಿದು ಬರುತ್ತಿದ್ದರು. ಕದರಯ್ಯ ಜಗಲಿಯವರೆಗೂ ಬಂದು ಕೆಳಗೆ ಬೀದಿಯಲ್ಲೇ ನಿಂತು ಮಾತಾಡುತ್ತಿದ್ದ. ಮೇಲೆ ಹತ್ತು ಎಂದು ಮೇಷ್ಟ್ರು ಕರೆದರೂ ಹತ್ತುತ್ತಿರಲಿಲ್ಲ. ಸಿದ್ದಮ್ಮನವರು ಒಳಗಿನಿಂದ ಮಜ್ಜಿಗೆ ಕಳುಹಿಸುತ್ತಿದ್ದರು, ತಾವು ಬರುತ್ತಿರಲಿಲ್ಲ.

ಅವರ ಸಿಟ್ಟೂ ಹೇಳಬೇಕು. ಬಿಗಿದು ಹಿಡಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಉಳಿ ಬಿಗಿದು ಹಿಡಿದ ಹುಡುಗನ ಗೆಣ್ಣಿನ ಮೇಲೆ ಅಡಿಪಟ್ಟಿಯಿಂದ ತಟ್ಟುತ್ತಿದ್ದರು. ಮದುವೆಯಾಗಿ ದೂರದೂರಿಗೆ ಹೋದ ತಮ್ಮ ಮಗಳು ಹೊರಡುವಾಗ ಸಿದ್ದಮ್ಮನವರು ಅವಳ ಕೈ ಬಿಡದೆ ಅತ್ತರೆ, ಬಿಡೇ, ಬಸ್ಸು ಹೋಗ್ತದೆ ಎಂದು ಎಲ್ಲರೆದುರು ಗದರಿದ್ದರು. ಆಮೇಲೆ ಎರಡು ದಿನ ಅವರೇ ಊಟ ಸರಿಯಾಗಿ ಮಾಡಲಿಲ್ಲ.

ಇನ್ನು ಆ ಬೆಳಗು.

ಮೂರು ದಿನದಿಂದ ಮಳೆ ಹಿಡಿದಿತ್ತು. ಶಾಲೆಗಳಿಗೆ ರಜ ಕೊಟ್ಟಿದ್ದರು. ಬೆಳಗ್ಗೆ ಮಳೆ ಹೊಳವಾಗಿ ಮೇಷ್ಟ್ರು ಜಗಲಿಯಲ್ಲಿ ಕಂಬಳಿ ಸರಿಸಿ ಶಿರಾದ ಸಾಹೇಬರ ಕೋಲನ್ನು ಒರೆಸುತ್ತಿದ್ದರು. ಸೂರಿನಡಿ ಇದ್ದದ್ದು ಅದೊಂದೇ. ಉಳಿದವೆಲ್ಲ ಗಿರಾಕಿಗಳ ಮನೆ ಸೇರಿದ್ದವು. ಸಿದ್ದಮ್ಮನವರು ಒಳಗೆ ಪೂಜೆಗೆ ಕೂತಿದ್ದರು. ಆಗ ಬೀದಿಯಲ್ಲಿ ಓಡುತ್ತಿದ್ದವರು ಕೂಗಿ ಹೇಳಿದರು, ಕೋಡಿಗೆ ಅಡ್ಡಬಿದ್ದ ಜಾಲಿಮುಳ್ಳು ಬಿಡಿಸಲು ಹೋದ ಕದರಯ್ಯನನ್ನು ನೀರು ಎಳೆದುಕೊಂಡಿದೆ, ಕೆಳಗಿನ ಹಳ್ಳದ ನಡುವೆ ಹೊಂಗೆ ಮರ ಹಿಡಿದುಕೊಂಡಿದ್ದಾನೆ.

ಮೇಷ್ಟ್ರು ಕೈಯಲ್ಲಿದ್ದ ಕೋಲಿಗೆ ದಾರ ಸುತ್ತುವ ಪುಟ್ಟ ರಾಟೆ ಸಿಕ್ಕಿಸಿದರು. ಪರೀಕ್ಷೆಗೆಂದು ಇಟ್ಟಿದ್ದ ರೇಷ್ಮೆ ದಾರ ಅದರಲ್ಲಿತ್ತು, ತುದಿಗೆ ಸೀಸವೂ ಇತ್ತು. ಮೂಲೆಯಲ್ಲಿದ್ದ ಹತ್ತಿ ಹುರಿಯ ದೊಡ್ಡ ಉಂಡೆಯನ್ನು ನನ್ನ ಕೈಗೆ ಕೊಟ್ಟು, ಬನ್ನಿ ತಾಯಿ, ಎಂದು ಮೆಟ್ಟಿಲಿಳಿದರು. ಹೆಂಡತಿಗೆ ಹೇಳಲಿಲ್ಲ. ಪೂಜೆಯಲ್ಲಿದ್ದವರನ್ನು ಕರೆಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಹಳ್ಳದ ದಡದಲ್ಲಿ ಊರೇ ನೆರೆದಿತ್ತು. ನೀರು ಕೆಂಪಗೆ, ಮಣ್ಣಿನ ಬಣ್ಣ. ನಡುವೆ ಬಂಡೆಯೊಂದರ ಬಿರುಕಿನಲ್ಲಿ ಬೆಳೆದ ಹೊಂಗೆ ಒಂದು ಕಡೆಗೆ ವಾಲಿತ್ತು. ಅದರ ಕವಲಿನಲ್ಲಿ ಕದರಯ್ಯ. ನೀರು ತಗ್ಗುವವರೆಗೆ ಅವನು ಹಾಗೇ ಇರಬಹುದಿತ್ತು, ಮರ ಗಟ್ಟಿಯಾಗಿ ನಿಂತಿದ್ದರೆ. ಆದರೆ ಬೇರು ಸಡಿಲವಾಗಿ ಮರ ನಾವು ನೋಡುತ್ತಿದ್ದಂತೆಯೇ ಇನ್ನಷ್ಟು ಬಾಗುತ್ತಿತ್ತು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಹಗ್ಗಗಳನ್ನು ತಂದಿದ್ದರು. ಗಟ್ಟಿ ಹಗ್ಗ, ಆದರೆ ಒದ್ದೆಯಾಗಿ ಭಾರ. ಎಸೆದದ್ದೆಲ್ಲ ಹತ್ತಿರದಲ್ಲೇ ಬಿದ್ದು ನೀರುಪಾಲಾಗುತ್ತಿತ್ತು. ಮೇಷ್ಟ್ರ ಯೋಚನೆ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಸೀಸದ ಗುಂಡು ದಾರ ಒಯ್ಯುತ್ತದೆ, ದಾರದ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ. ಹಗ್ಗವನ್ನು ಕದರಯ್ಯ ಸೊಂಟಕ್ಕೆ ಕಟ್ಟಿಕೊಂಡರೆ ಕೆಳಗಿನ ತಿರುವಿನಿಂದ ಎಳೆದುಕೊಳ್ಳಬಹುದು.

ದಡದಿಂದ ಬೀಸಿದರು. ಗುಂಡು ನೇರ ಹೋಯಿತು, ಆದರೆ ದಾರ ಮುಗಿದು ಮರಕ್ಕೆ ಸಾಕಷ್ಟು ಮುಂಚೆಯೇ ಬಿತ್ತು. ರೇಷ್ಮೆ ಗಿಡ್ಡ. ಅದರ ಹಿಂದಕ್ಕೆ ಹುರಿಯನ್ನು ಗಂಟು ಹಾಕಿ ಇನ್ನೊಮ್ಮೆ ಬೀಸಿದರು. ಈ ಸಲ ಅಕೀಕು ಕಲ್ಲಿನ ತೂತಿಗೆ ಗಂಟು ಬಂದು ಸಿಕ್ಕಿಕೊಂಡಿತು. ಗುಂಡು ನಡುದಾರಿಯಲ್ಲಿ ಹಿಂದಕ್ಕೆ ಜಗ್ಗಿ ನೀರಿಗೆ ಬಿತ್ತು.

ಆ ಉಂಗುರ ಒಡೆದುಬಿಡಿ ಎಂದು ಯಾರೋ ಕೂಗಿದರು. ಒಡೆದರೆ ಕೋಲಿನ ತುದಿಯೇ ದಾರವನ್ನು ಕಚ್ಚುತ್ತೆ, ಹೋಗಲ್ಲ ಎಂದರು ಮೇಷ್ಟ್ರು. ದನಿ ತರಗತಿಯಲ್ಲಿದ್ದಂತೆ ಇತ್ತು. ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವಂತೆ ಹೇಳಿದರು: “ಗಂಟು ದಾಟಲ್ಲ ಅಂತ ಗೊತ್ತಿತ್ತು. ಸಾಹೇಬರ ದಾರಕ್ಕೆ ಮಾಡಿದ್ದು ಇದು. ಕದರಯ್ಯನಿಗೆ ಮಾಡಿದ್ದಲ್ಲ.”

ಆಮೇಲೆ ಗಂಟು ಬಿಚ್ಚಿದರು. ರೇಷ್ಮೆಯ ಕೊನೆಯನ್ನು ರಾಟೆಗೆ ಭದ್ರಪಡಿಸಿ, ಹುರಿಯನ್ನು ಕೋಲಿನ ಬುಡಕ್ಕೆ ಕಟ್ಟಿದರು. ಗಂಟು ಉಂಗುರ ದಾಟುವುದೇ ಬೇಡ. ಗುಂಡು ಕದರಯ್ಯನ ಕೈಗೆ ಸಿಕ್ಕಿದರೆ ಕೋಲನ್ನೇ ಬಿಟ್ಟುಬಿಡುವುದು, ಅವನು ಎಳೆದುಕೊಂಡರೆ ಕೋಲಿನ ಹಿಂದೆ ಹುರಿ ಹೋಗುತ್ತದೆ. ಬೇಸಿಗೆ ಪೂರ್ತಿ ಕಲ್ಲು ಕೊರೆದು ಮಾಡಿದ ಕೋಲು. ಅದಕ್ಕಾಗಿ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ರೇಷ್ಮೆಯ ಉದ್ದ ಸಾಲಬೇಕಾದರೆ ಬೀಸುವವರು ಇನ್ನೂ ಹತ್ತಿರ ಹೋಗಬೇಕಿತ್ತು. ದಡದಿಂದ ಒಳಕ್ಕೆ ಸಾಲಾಗಿ ಬಟ್ಟೆ ಒಗೆಯುವ ಕಲ್ಲುಗಳಿದ್ದವು. ಅವುಗಳ ಮೇಲೆ ಮೊಣಕಾಲು ಮಟ್ಟ ನೀರು ಓಡುತ್ತಿತ್ತು.

ಸೊಂಟಕ್ಕೆ ಕಪಿಲೆಯ ಹಗ್ಗ ಕಟ್ಟಿ ಅವರನ್ನು ಬಿಟ್ಟರು. ಹಗ್ಗ ಹಿಡಿದವರು ಬಲವಾದ ಆಳುಗಳು, ಎಲ್ಲರೂ ಅವರ ಹಳೆಯ ಶಿಷ್ಯರು. ಹುರಿ ಸಿಕ್ಕಾಗದಂತೆ ಬಿಡುವ ಕೆಲಸ ನನ್ನದು. ಅವರು ಒಂದೊಂದೇ ಕಲ್ಲು ತಡವಿ ಕೊನೆಯದರ ಮೇಲೆ ನಿಂತರು. ನೀರಿನ ಸದ್ದಿನಲ್ಲಿ ಕದರಯ್ಯನ ದನಿ ಕೇಳಿತು. “ಬ್ಯಾಡಿ ಮೇಷ್ಟ್ರೇ, ಇಂದಕ್ಕೋಗಿ. ಓಗಿ ಅಂದ್ರೆ.” ಅವನು ಅವರಿಗೆ ಅಷ್ಟು ಗಡುಸಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಬೀಸಿದರು.

ಎಲ್ಲರೂ ಗುಂಡನ್ನು ನೋಡಿದರು. ನಾನು ಅವರನ್ನು ನೋಡುತ್ತಿದ್ದೆ. ಗುಂಡು ಇನ್ನೂ ಗಾಳಿಯಲ್ಲಿರುವಾಗಲೇ ಅವರ ಕಾಲಡಿಯ ಕಲ್ಲು ಹೊರಳಿತು. ದೇಹ ಪಕ್ಕಕ್ಕೆ ಬಿದ್ದಿತು, ಆದರೆ ಕೋಲು ಹಿಡಿದ ಕೈ ನೇರವಾಗಿ ಮೇಲೆಯೇ ಇತ್ತು. ಎದೆ ಮುಳುಗಿತು, ತಲೆ ಮುಳುಗಿತು. ಕೈ, ಕೋಲು, ನೇರಳೆ ನೂಲಿನ ಉಂಗುರಗಳು, ಅವುಗಳೊಳಗೆ ಸರಸರನೆ ಓಡುತ್ತಿದ್ದ ದಾರ. ತುದಿ ತಗ್ಗಿದ್ದರೆ ದಾರ ತಡೆಯುತ್ತಿತ್ತು. ಅದನ್ನು ನಾನು ಕಣ್ಣು ಮುಚ್ಚಿದರೂ ಕಾಣುತ್ತೇನೆ, ತೆರೆದರೂ ಕಾಣುತ್ತೇನೆ.

ದಡದಲ್ಲಿ ಒಂದೇ ಮಾತು, ಬಿಡಬೇಡ್ರೋ, ಬಿಗಿಯಾಗಿ ಹಿಡೀರಿ. ಹಿಡಿದರು. ನಮ್ಮದು ಬಾವಿಗಳ ಸೀಮೆ. ಬಾವಿಗಿಳಿದವನ ಹಗ್ಗ ಸಡಿಲ ಬಿಡಬಾರದೆಂದು ಎದೆಹಾಲಿನ ಜೊತೆ ಕಲಿತ ಜನ. ಓಡುವ ನೀರು ಬಾವಿಯ ನೀರಲ್ಲವೆಂದು ತಿಳಿಯಲು ಇಲ್ಲಿ ಯಾರಿಗೆ ನದಿಯಿತ್ತು? ಹಗ್ಗ ಬಿಗಿಯಾದಷ್ಟೂ ನೀರು ಅವರನ್ನು ಅಡಿಗೆ ಒತ್ತುತ್ತಿತ್ತು. ಸಡಿಲ ಬಿಟ್ಟಿದ್ದರೆ ಕೆಳಗಿನ ತಿರುವಿನಲ್ಲಿ ದಡಕ್ಕೆ ಬಂದು ಬೀಳುತ್ತಿದ್ದರೋ ಏನೋ. ಪ್ರೀತಿಯಿಂದ ಹಿಡಿದ ಕೈಗಳು ಅವು. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲ. ಅವರಲ್ಲಿ ಒಬ್ಬನ ಹೆಸರನ್ನೂ ನಾನು ಬರೆಯುವುದಿಲ್ಲ.

ನನ್ನ ಕೈಯಲ್ಲಿದ್ದ ಹುರಿ ಇದ್ದಕ್ಕಿದ್ದಂತೆ ಓಡತೊಡಗಿತು. ಕದರಯ್ಯನಿಗೆ ದಾರ ಸಿಕ್ಕಿತ್ತು. ಕೋಲು ನೀರಿನ ಮೇಲೆ ಕುಣಿಯುತ್ತ ಅವನತ್ತ ಹೋಯಿತು, ಅದರ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ. ಅವನನ್ನು ತಿರುವಿನಲ್ಲಿ ಎಳೆದುಕೊಂಡಾಗ ಅವನಿಗೆ ಉಸಿರಿತ್ತು. ಮೇಷ್ಟ್ರನ್ನು ದಡಕ್ಕೆ ತಂದಾಗ ಅವರಿಗೆ ಇರಲಿಲ್ಲ. ಹೊಂಗೆ ಮರ ಆ ಮಧ್ಯಾಹ್ನ ಕೊಚ್ಚಿಹೋಯಿತು, ಅದರಲ್ಲಿ ಸಿಕ್ಕಿಕೊಂಡಿದ್ದ ಕೋಲೂ ಹೋಯಿತು. ಸಾಹೇಬರು ಶಿರಾದಿಂದ ಬಂದು ಬೀದಿಯಲ್ಲಿ ತಲೆಯ ಮೇಲೆ ಕರವಸ್ತ್ರ ಹಾಕಿ ನಿಂತಿದ್ದು ಹೋದರು.

ಕದರಯ್ಯ ಮಣ್ಣಿಗೆ ಬರಲಿಲ್ಲ. ಜ್ವರವೆಂದರು. ಕರ್ಮವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಒಂದು ಮಧ್ಯಾಹ್ನ ಬಂದು ಎಂದಿನ ಜಾಗದಲ್ಲಿ ನಿಂತ. ಸಿದ್ದಮ್ಮನವರು ಜಗಲಿಯಲ್ಲಿ ಕೂತಿದ್ದರು, ನಾನು ಪಕ್ಕದಲ್ಲಿ ದೇವರಿಗೆ ಹೂ ಕಟ್ಟುತ್ತಿದ್ದೆ. ಆಕೆ ಅಳಲಿಲ್ಲ. ಅವನನ್ನು ಬೈಯಲೂ ಇಲ್ಲ. ಅವನತ್ತ ಬಾಗಿ ಕೇಳಿದರು:

“ನಿನ್ ಕೈಗೆ ದಾರ ಸಿಕ್ತು ಅಂತ ಅವರಿಗೆ ಗೊತ್ತಾಯ್ತಾ?”

ಅವನು ಹೌದು ಎನ್ನುತ್ತಾನೆಂದು ನಾನು ಕಾದೆ. ಎಂದಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೇಳಿದ:

“ನಾ ಅವ್ರನ್ನ ನೋಡ್ಲಿಲ್ಲ ಕಣವ್ವ. ಗುಂಡು ನೋಡ್ತಿದ್ದೆ. ಇಡ್ಕೊಂಡು ಒಂದ್ಸಲ ಎಳ್ದೆ, ಸಿಕ್ತು ಅನ್ನಂಗೆ. ಆ ಕಡೆಯಿಂದ್ಲೂ ಒಂದ್ಸಲ ಎಳ್ದಂಗಾಯ್ತು. ಆಮ್ಯಾಕೆ ಕೋಲು ಬಂದ್ಬುಡ್ತು.”

“ಅವರು ಎಳೆದಿದ್ದಾ?”

“ನೀರೂ ಅಂಗೇ ಎಳೀತದೆ ಕಣವ್ವ. ಸುಳ್ಳೇಳಕ್ಕಾಗಾಕಿಲ್ಲ.”

ಆಕೆ ನನ್ನ ಮಡಿಲಿನಿಂದ ಹೂವಿನ ದಾರದ ಉಂಡೆ ತೆಗೆದುಕೊಂಡು ಒಂದು ಕೊನೆಯನ್ನು ಬೀದಿಗೆ ಇಳಿಬಿಟ್ಟರು. ಅವನು ಅರ್ಥವಾಗದೆ ನನ್ನ ಮುಖ ನೋಡಿದ. ಹಿಡಕೋ ಎಂದರು ಆಕೆ. ಹಿಡಿದುಕೊಂಡ. ಇನ್ನೊಂದು ಕೊನೆಯನ್ನು ಆಕೆ ಬಲಗೈಯ ತೋರುಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚಿದರು.

“ಆ ಕಡೆಯಿಂದ ಹೆಂಗೆ ಎಳೀತೋ, ಹಂಗೇ ಎಳೆದು ತೋರ್ಸು.”

ಕದರಯ್ಯ ದಾರದ ಸಡಿಲವನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಒಮ್ಮೆ ಮೆಲ್ಲಗೆ ಜಗ್ಗಿ ಬಿಟ್ಟ. ಆಕೆಯ ಬೆರಳು ಅಲುಗಿತು.

“ಇನ್ನೊಂದ್ಸಲ,” ಎಂದರು.